ನಳಿಗೆಯ ಮೇಲಿನ ಅಂಕಿ ಹೆಸರು, ಅಳತೆಯಲ್ಲ

ಪ್ರತಿ ವರ್ಷ ಖಂಡೇಪೂಜೆ ಮುಗಿದ ವಾರ ಧಾರವಾಡದ ನನ್ನ ಅಂಗಡಿಗೆ ಬರುವ ಬಂದೂಕುಗಳ ಮೈಮೇಲೆ ಅರಿಷಿಣ, ಕುಂಕುಮ, ವಿಭೂತಿ ಇರುತ್ತವೆ. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಸಂದಿಯಲ್ಲಿ ಅಕ್ಷತೆಯ ಕಾಳು ಸಿಕ್ಕಿಕೊಂಡಿರುವುದೂ ಉಂಟು. ಹಸಿ ಕುಂಕುಮ ಹಾಗೆಯೇ ಉಳಿದರೆ ಉಕ್ಕಿನ ಮೇಲೆ ತುಕ್ಕಿನ ಕಲೆ ಕೂರುತ್ತದೆ ಎಂದು ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ. ಆದರೂ ಎಣ್ಣೆಬಟ್ಟೆಯಿಂದ ಅದನ್ನು ಒರೆಸುವಾಗ ನನಗೆ ಸಿಟ್ಟು ಬರುವುದಿಲ್ಲ. ಅಜ್ಜನ ಆಯುಧವನ್ನು ವರ್ಷಕ್ಕೊಮ್ಮೆಯಾದರೂ ಪೆಟ್ಟಿಗೆಯಿಂದ ಹೊರಗೆ ತೆಗೆದು ನೋಡುವ ಮನೆಯವರು ಅವರು. ಸಿಟ್ಟು ಬರುವುದು ಅದರ ಹಿಂದೆಯೇ ಬರುವ ಮಾತಿಗೆ.

“ಕಾಕಾ, ಇದು ಎಂಟು ಮಿಲಿಮೀಟರಿನದು. ಈಗ ಸಿಗುವ .315 ಕೂಡ ಎಂಟೇ ಅಲ್ಲವೇ? ಅದರ ಕಾಡತೂಸನ್ನೇ ಕೊಟ್ಟುಬಿಡಿರಿ.”

ಲೆಕ್ಕವೇನೋ ಸರಿ. ಇಂಚಿಗೆ 25.4 ಮಿಲಿಮೀಟರ್, ಎಂಟನ್ನು ಅದರಿಂದ ಭಾಗಿಸಿದರೆ .315 ಇಂಚು ಬರುತ್ತದೆ. ಮೊಬೈಲಿನಲ್ಲಿ ಭಾಗಿಸಿ ನನ್ನ ಕಣ್ಣ ಮುಂದೆ ಹಿಡಿದವರೂ ಇದ್ದಾರೆ. ಹಾಗೆ ಲೆಕ್ಕ ಮಾಡಿದ ರೈತರೊಬ್ಬರು ನನ್ನ ಬಳಿಗೆ ಬರುವ ಮೊದಲೇ ಐದು ಕಾಡತೂಸುಗಳ ಬುಡವನ್ನು ಅರದಿಂದ ಉಜ್ಜಿ ತಂದಿದ್ದರು. .315 ಕಾಡತೂಸಿನ ಬುಡದಲ್ಲಿ ಹೊರಚಾಚಿದ ಅಂಚಿರುತ್ತದೆ. ಅವರ ಹಳೆಯ ಜರ್ಮನ್ ರೈಫಲ್ಲಿಗೆ ಬೇಕಾದದ್ದು ಅಂಚು ಹೊರಚಾಚದ 8x57. ಅಂಚು ಅಡ್ಡ ಬರುತ್ತಿದೆ ಎಂದು ಅಂಚನ್ನೇ ತೆಗೆದುಬಿಟ್ಟಿದ್ದರು! ಬುಡದ ದಪ್ಪವೂ ಹೆಚ್ಚಾಗಿದ್ದರಿಂದ ಬೋಲ್ಟ್ ಮುಚ್ಚಲಿಲ್ಲ, ಅದರಿಂದ ಅವರ ಕಣ್ಣು ಉಳಿಯಿತು. ಆ ಐದು ಹಿತ್ತಾಳೆ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಎಷ್ಟು ಸಮನಾಗಿ ಉಜ್ಜಿದ್ದೇನೆ ನೋಡಿರಿ ಎಂಬಂತೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೈಕೆಲಸ ನಿಜಕ್ಕೂ ಅಚ್ಚುಕಟ್ಟಾಗಿತ್ತು. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ನಮ್ಮ ಊರುಗಳಲ್ಲಿ ‘ಹನ್ನೆರಡೆಕರೆ’ ಎಂದು ಕರೆಯುವ ಹೊಲಗಳಿರುತ್ತವೆ. ಅಣ್ಣತಮ್ಮಂದಿರ ಪಾಲಾಗಿ, ರಸ್ತೆಗೆ ಒಂದಿಷ್ಟು ಹೋಗಿ, ಈಗ ಅದು ಮೂರೆಕರೆ ಇಪ್ಪತ್ತು ಗುಂಟೆ ಉಳಿದಿರಬಹುದು. ಹೆಸರು ಮಾತ್ರ ಹನ್ನೆರಡೆಕರೆಯೇ. ಆ ಹೆಸರು ಕೇಳಿ ಯಾರೂ ಹನ್ನೆರಡು ಎಕರೆಗಾಗುವಷ್ಟು ಬೀಜ, ಗೊಬ್ಬರ ತರುವುದಿಲ್ಲ. ಉತಾರ ತೆಗೆಸಿ ನೋಡುತ್ತಾರೆ. ರೈಫಲ್ಲಿನ ನಳಿಗೆಯ ಮೇಲೆ ಕೆತ್ತಿದ ಅಂಕಿಯೂ ಅಂಥ ಹೆಸರು. ಹೊಲದ ವಿಷಯದಲ್ಲಿ ಇಷ್ಟು ಜಾಣರಾದವರು ಬಂದೂಕಿನ ವಿಷಯದಲ್ಲಿ ಹೆಸರನ್ನೇ ಉತಾರವೆಂದು ನಂಬುವುದು ಏಕೆ ಎಂಬುದು ನನಗೆ ಇಷ್ಟು ವರ್ಷಗಳಾದರೂ ತಿಳಿದಿಲ್ಲ.

ರಿಗ್ಬಿ ಎಂಬ ಇಂಗ್ಲಿಷ್ ತಯಾರಕರು .275 ಎಂದು ಕರೆದದ್ದೂ ಜರ್ಮನಿಯ ಮೌಸರ್ 7x57 ಕೂಡ ಒಂದೇ ಕಾಡತೂಸು. ಜಿಮ್ ಕಾರ್ಬೆಟ್ ಅವರಿಗೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಬಹುಮಾನವಾಗಿ ಬಂದ ರೈಫಲ್ ಇದೇ ಜಾತಿಯದು. ಆ ಕಾಡತೂಸಿನ ತುದಿಯ ಗುಂಡನ್ನು ಅಳೆದರೆ .275 ಇಂಚೂ ಬರುವುದಿಲ್ಲ, 7 ಮಿಲಿಮೀಟರೂ ಬರುವುದಿಲ್ಲ; .284 ಇಂಚು, ಎಂದರೆ ಸುಮಾರು 7.2 ಮಿಲಿಮೀಟರ್ ಬರುತ್ತದೆ. ಇಲ್ಲಿ ಹೆಸರು ಎರಡು, ವಸ್ತು ಒಂದು. ಇದಕ್ಕೆ ತಿರುಗುಮುರುಗಾದದ್ದೂ ಇದೆ. ವೆಸ್ಟ್ಲಿ ರಿಚರ್ಡ್ಸ್ ಎಂಬ ಇನ್ನೊಬ್ಬ ಇಂಗ್ಲಿಷ್ ತಯಾರಕರ .318 ಎಂಬ ಕಾಡತೂಸಿನ ಗುಂಡು .330 ಇಂಚಿನದು. ಹಳೆಯ ಜರ್ಮನ್ ಎಂಟು ಮಿಲಿಮೀಟರಿನ ಗುಂಡು ನಿಜವಾಗಿಯೂ .318 ಇಂಚಿನದು, ಆದರೆ ಅದರ ಹೆಸರಿನಲ್ಲಿ ಆ ಅಂಕಿಯೇ ಇಲ್ಲ. ಒಂದೇ ಅಂಕಿಯನ್ನು ಹಿಡಿದುಕೊಂಡು ಹೋದವನು ಎರಡು ಬೇರೆ ಬೇರೆ ಮನೆಗಳ ಬಾಗಿಲು ತಟ್ಟುತ್ತಾನೆ.

ಕಾರಣ ಸರಳ. ನಳಿಗೆಯ ಒಳಮೈಯಲ್ಲಿ ತಿರುಚಿಕೊಂಡು ಸಾಗುವ ತೋಡುಗಳಿವೆ, ಅವುಗಳ ನಡುವೆ ಏರಿದ ದಿಂಡುಗಳಿವೆ. ಬಿತ್ತಲು ಹಸನಾದ ಹೊಲದ ಸಾಲುಗಳಂತೆ. ದಿಂಡಿನಿಂದ ದಿಂಡಿಗೆ ಅಳೆದರೆ ಒಂದು ಅಂಕಿ, ತೋಡಿನಿಂದ ತೋಡಿಗೆ ಅಳೆದರೆ ಅದಕ್ಕಿಂತ ದೊಡ್ಡ ಅಂಕಿ. ಗುಂಡು ತೋಡಿನ ಅಳತೆಗೆ ಹೊಂದಬೇಕು. ಹೆಸರಿಡುವವರು ಒಮ್ಮೆ ದಿಂಡನ್ನು ಅಳೆದರು, ಒಮ್ಮೆ ಗುಂಡನ್ನು ಅಳೆದರು, ಒಮ್ಮೆ ಕಿವಿಗೆ ಇಂಪಾದ ಅಂಕಿಯನ್ನು ಆರಿಸಿಕೊಂಡರು. ಇನ್ನು 8x57, 9.3x62ರಂಥ ಹೆಸರುಗಳಲ್ಲಿ ಬರುವ ಎರಡನೆಯ ಅಂಕಿ ಕಾಡತೂಸಿನ ಹಿತ್ತಾಳೆಯ ಕೊಳವೆಯ ಉದ್ದ, ಮಿಲಿಮೀಟರಿನಲ್ಲಿ. ಅದು ಹೆಚ್ಚಾಗಿ ನಂಬಿಕೆಗೆ ಅರ್ಹ.

ಎಲ್ಲಕ್ಕಿಂತ ಅಪಾಯದ್ದು 8x57. ನಮ್ಮ ಕಡೆಯ ವಾಡೆಗಳಲ್ಲಿ ಇಂದಿಗೂ ಸಿಗುವುದರಿಂದ ಇದೊಂದನ್ನು ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿರಿ. 1888ರಲ್ಲಿ ಜರ್ಮನ್ ಸೇನೆಗಾಗಿ ಹುಟ್ಟಿದಾಗ ಇದರ ಗುಂಡು .318 ಇಂಚಿನದಾಗಿತ್ತು. 1905ರ ಹೊತ್ತಿಗೆ ಸೇನೆ ಚೂಪು ಮೂತಿಯ, .323 ಇಂಚಿನ ಹೊಸ ಗುಂಡಿಗೆ ಬದಲಾಯಿಸಿತು. ಹಳೆಯದಕ್ಕೆ ‘ಐ’ ಎಂಬ ಗುರುತು, ಕಾಲಾಳು ಸೇನೆಯ ಮೊದಲ ಅಕ್ಷರ. ಅದನ್ನು ಜರ್ಮನ್ ಲಿಪಿ ಗೊತ್ತಿಲ್ಲದವರು ‘ಜೆ’ ಎಂದು ಓದಿ ಹಾಗೆಯೇ ಉಳಿಯಿತು. ಹೊಸದಕ್ಕೆ ‘ಎಸ್’ ಸೇರಿತು. ಬೇಟೆಯ ರೈಫಲ್ ಮಾಡುವವರು ಆಮೇಲೆಯೂ ಬಹಳ ಕಾಲ ಹಳೆಯ ಅಳತೆಯ ನಳಿಗೆಯನ್ನೇ ಕೂರಿಸುತ್ತಿದ್ದರು. ಎರಡಕ್ಕೂ ಕೊಳವೆ ಒಂದೇ ಆಕಾರದ್ದು, ಆದ್ದರಿಂದ ಹೊಸ ಕಾಡತೂಸು ಹಳೆಯ ರೈಫಲ್ಲಿನೊಳಗೆ ಹೋಗಿ ಕೂರಬಹುದು, ಬೋಲ್ಟೂ ಮುಚ್ಚಬಹುದು. ಗುಂಡುಗಳ ವ್ಯತ್ಯಾಸ ಇಂಚಿನ ಸಾವಿರ ಭಾಗಗಳಲ್ಲಿ ಐದು; ಒಂದು ಹಾಳೆ ಕಾಗದಕ್ಕಿಂತ ತುಸು ದಪ್ಪ. ಆ ಒಂದು ಹಾಳೆಯಷ್ಟು ಹೆಚ್ಚಿನ ಲೋಹವನ್ನು ಕಿರಿದಾದ ನಳಿಗೆಯೊಳಗೆ ನುಗ್ಗಿಸಲು ಮದ್ದಿನ ಹೊಗೆ ಎಷ್ಟು ಒತ್ತಬೇಕೋ ಅಷ್ಟೇ ಹಿಂದಕ್ಕೂ ಒತ್ತುತ್ತದೆ, ಮತ್ತು ಹಿಂದೆ ಇರುವುದು ನಿಮ್ಮ ಕೆನ್ನೆ.

“ಮೌಸರ್ ಗಟ್ಟಿ ಇರುತ್ತದೆ ಬಿಡಿರಿ” ಎನ್ನುತ್ತಾರೆ. ಗಟ್ಟಿಯೇ. 1898ರ ಮಾದರಿಯ ಬೋಲ್ಟಿಗೆ ಮುಂದೆ ಎರಡು ಹಲ್ಲುಗಳು, ಹಿಂದೆ ಕಾವಲಿಗೊಂದು ಮೂರನೆಯದು. ಕೊಳವೆ ಒಡೆದರೆ ಹೊಗೆ ಹೊರಗೆ ಹೋಗಲೆಂದು ಬೋಲ್ಟಿನ ಮೈಯಲ್ಲಿ ರಂಧ್ರಗಳು. ಬಾಗಿಲಿಗೆ ಅಗಳಿ ಹಾಕಿದಂತೆ ಕೂರುವ ಆ ಬೋಲ್ಟನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಇಂದಿಗೂ ಸಂತೋಷವಾಗುತ್ತದೆ. ಆದರೆ ಅದನ್ನು ಕಟ್ಟಿದವನು ಅನಾಹುತಕ್ಕೆಂದು ಕಟ್ಟಿದ ಕಾವಲನ್ನು ನಾವು ದಿನದ ಬಳಕೆಗೆ ಪಣ ಇಡಬಾರದು.

ನವಲಗುಂದ ತಾಲ್ಲೂಕಿನ ಒಂದು ದೇಸಗತಿ ಮನೆಯ ಹುಡುಗ ಅಜ್ಜನ ರೈಫಲ್ ತಂದಿದ್ದ. ಕಾಲೇಜಿನಲ್ಲಿ ಪಾಠ ಹೇಳುವವನು, ವಿನಯದವನು. ನಳಿಗೆಯ ಮೇಲೆ 8x57 ಎಂದಷ್ಟೇ ಇತ್ತು. ಮುಂದಿನ ಅಕ್ಷರವನ್ನು ಯಾರೋ ಉಜ್ಜಿ ಉಜ್ಜಿ ಹೊಳಪಿನೊಂದಿಗೆ ಅಳಿಸಿಬಿಟ್ಟಿದ್ದರು. ಅವನ ಸ್ನೇಹಿತನೊಬ್ಬ ಪರವಾನಗಿದಾರ, ಅದನ್ನು ಕೊಳ್ಳಲು ಸಿದ್ಧನಾಗಿದ್ದ; ಎಲ್ಲಿಂದಲೋ ಎಸ್ ಕಾಡತೂಸು ಸಿಗುವ ಮಾತೂ ನಡೆದಿತ್ತು. ನಾನು ಮೆದು ಸೀಸದ ಗೋಲಿಯೊಂದಕ್ಕೆ ಎಣ್ಣೆ ಸವರಿ, ಖಾಲಿ ನಳಿಗೆಯೊಳಗೆ ಹಿತ್ತಾಳೆಯ ಕೋಲಿನಿಂದ ಮೆಲ್ಲಗೆ ತಟ್ಟುತ್ತಾ ಆಚೆ ಬದಿಗೆ ದಾಟಿಸಿದೆ. ಅಂಗೈಗೆ ಬಿದ್ದ ಸೀಸದ ಮೇಲೆ ತೋಡುಗಳ ಅಚ್ಚು ನಾಲ್ಕು ಏಣುಗಳಾಗಿ ಮೂಡಿತ್ತು. ಎದುರುಬದುರಾದ ಎರಡು ಏಣುಗಳನ್ನು ಮೈಕ್ರೋಮೀಟರಿನ ನಡುವೆ ಹಿಡಿದು ಅವನಿಗೇ ಓದಲು ಹೇಳಿದೆ. 8.09 ಮಿಲಿಮೀಟರ್ ಎಂದು ಓದಿದ, ಎಂದರೆ ಸುಮಾರು .318 ಇಂಚು. ಹಳೆಯ ನಳಿಗೆ. ಸ್ನೇಹಿತನಿಗೆ ಅಲ್ಲಿಂದಲೇ ಫೋನ್ ಮಾಡಿದ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ಎಷ್ಟೊಂದು ಲೇಥ್‌ಗಳಿವೆ, ಒಳಗೆ ಸ್ವಲ್ಪ ಕೊರೆಸಿದರೆ .315 ಕೂರುವುದಿಲ್ಲವೇ ಎಂದು ಕೇಳುತ್ತಾರೆ. ಕೂರಿಸಬೇಡಿ. ಪರವಾನಗಿ ಇಲ್ಲದವರು ಬಂದೂಕನ್ನು ಮಾರ್ಪಡಿಸುವುದಿರಲಿ, ದುರಸ್ತಿ ಮಾಡುವುದೂ 1959ರ ಆಯುಧ ಕಾಯ್ದೆಯಡಿ ಅಪರಾಧ. ಟ್ರ್ಯಾಕ್ಟರಿನ ಪಿನ್ನು ತಿರುಗಿಸಿಕೊಡುವ ಬಡ ಕೆಲಸಗಾರನನ್ನು ಅದರಲ್ಲಿ ಸಿಕ್ಕಿಸುವುದು ಪಾಪದ ಕೆಲಸ. ಕೊರೆದ ಉಕ್ಕನ್ನು ಮತ್ತೆ ತುಂಬಿಸಲೂ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆ. ರೈಫಲ್ ನೋಡುವ ಮೊದಲು ಕಾಡತೂಸು ನೋಡಿ ಎಂಬುದೇ ನನ್ನ ಉತ್ತರ. ಸಾಮಾನ್ಯ ಪರವಾನಗಿದಾರರಿಗೆ ಹೊರದೇಶದಿಂದ ರೈಫಲ್ ತರಿಸುವ ದಾರಿ ದಶಕಗಳ ಹಿಂದೆಯೇ ಮುಚ್ಚಿದೆ; ಇಲ್ಲಿರುವ ಯುರೋಪಿನ ರೈಫಲ್‌ಗಳು ಕೈಯಿಂದ ಕೈಗೆ ಬಂದವು. 9.3x62ರಂಥ ಒಳ್ಳೆಯ ರೈಫಲ್ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಮಾರುವವನ ಬಳಿ ಕೊನೆಯ ಕಾಡತೂಸು ಮುಗಿದಿದೆ ಎಂದು ಅರ್ಥ ಮಾಡಿಕೊಳ್ಳಿ. ನಮ್ಮಲ್ಲಿ ಖಾತ್ರಿಯಾಗಿ ಸಿಗುವುದು .315. ಅದೂ ಯುರೋಪಿನದೇ ಎಂದರೆ ಹಲವರು ನಂಬುವುದಿಲ್ಲ: ಆಸ್ಟ್ರಿಯಾ-ಹಂಗೇರಿ ಸೇನೆಯ 8x50 ಮ್ಯಾನ್‌ಲಿಖರ್ ಕಾಡತೂಸೇ ಅದರ ಮೂಲ. ಸೇನೆಯ .303 ಹೊರಗಿನವರ ಬಂದೂಕಿಗೆ ಹೊಂದಬಾರದೆಂದು ಬ್ರಿಟಿಷರ ಕಾಲದಲ್ಲಿ ಬೇರೆ ಅಳತೆ ಬೇಕಾಯಿತು. ಆ ಹಾದಿಯಲ್ಲಿ ಇದು ಇಲ್ಲಿ ನೆಲೆಯೂರಿತು. ಇಂದು ರೈಫಲ್ ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಿಂದ, ಕಾಡತೂಸು ಪುಣೆಯ ಖಡಕಿಯಿಂದ ಬರುತ್ತದೆ. ಯುರೋಪಿನಲ್ಲೇ ಅಪರೂಪವಾದದ್ದು ಗದಗಿನಲ್ಲಿ ಎಲ್ಲರಿಗೂ ಗೊತ್ತಿದೆ. ಅಪರೂಪ ಎನ್ನುವುದು ನೀವು ನಿಂತ ಊರಿನ ಮೇಲೆ ಹೋಗುತ್ತದೆ.

ನನ್ನ ಅಕ್ಕನ ಮಗ ಸ್ವೀಡನ್ನಿನಲ್ಲಿದ್ದಾನೆ. ಅಲ್ಲಿ ಬೇಟೆಗಾರರ ಪರೀಕ್ಷೆ ಪಾಸಾದವರಿಗೆ ಹಂಗಾಮಿನಲ್ಲಿ ಕಡವೆ ಜಾತಿಯ ದೊಡ್ಡ ಎಲ್ಕ್ ಪ್ರಾಣಿಯನ್ನು ಬೇಟೆಯಾಡಲು ಕಾನೂನಿನ ಅವಕಾಶವಿದೆ. ಇವನೂ ಪರೀಕ್ಷೆ ಬರೆದ. ಒಂದು ರಾತ್ರಿ ಫೋನ್ ಮಾಡಿ, “ಮಾಮಾ, ಹಳೆಯ ಮ್ಯಾನ್‌ಲಿಖರ್-ಶೋನಾವರ್ ಒಂದು ಕಣ್ಣಿಗೆ ಬಿದ್ದಿದೆ, 6.5x54. ಇಲ್ಲಿ ಎಲ್ಲ ಕಡೆ 6.5x55 ಸಿಗುತ್ತದೆ, ಒಂದು ಮಿಲಿಮೀಟರ್ ತಾನೇ ವ್ಯತ್ಯಾಸ” ಎಂದ. ಬಂದೂಕಿನ ಅಂಗಡಿಯಲ್ಲಿ ಬೆಳೆದ ಹುಡುಗ! ನನಗೆ ನಿದ್ದೆ ಹಾರಿಹೋಯಿತು.

ಅವನ ಆಸೆಯನ್ನು ನಾನು ಬಲ್ಲೆ. 1903ರ ಮ್ಯಾನ್‌ಲಿಖರ್-ಶೋನಾವರ್ ಕಾರ್ಬೈನಿನ ಮರ ನಳಿಗೆಯ ತುದಿಯವರೆಗೂ ಹರಿದಿರುತ್ತದೆ, ಬೋಲ್ಟಿನ ಹಿಡಿ ಬೆಣ್ಣೆ ತೀಡುವ ಚಮಚದಂತೆ ಚಪ್ಪಟೆ. ಕಾಡತೂಸುಗಳನ್ನು ಒತ್ತಿದರೆ ಒಳಗಿನ ಸುತ್ತುರಾಟೆ ಒಂದೊಂದನ್ನೇ ತನ್ನ ತಗ್ಗಿನಲ್ಲಿ ಕೂರಿಸಿಕೊಂಡು ತಿರುಗುತ್ತದೆ. ಆ ತಗ್ಗುಗಳನ್ನು 6.5x54ರ ಮೈಕಟ್ಟಿಗೆಂದೇ ಕೊರೆದಿದ್ದಾರೆ. ಉದ್ದನೆಯ, ಗುಂಡುಮೂತಿಯ, ಸುಮಾರು 10.4 ಗ್ರಾಂ ತೂಕದ ಗುಂಡಿಗೆ ಹೊಂದಿಸಿದ್ದಾರೆ. 6.5x55ರ ಕೊಳವೆಯ ಬುಡವೇ ದಪ್ಪ. ಒಂದು ಮಿಲಿಮೀಟರ್ ಎಂಬುದು ಹೆಸರಿನಲ್ಲಿ ಕಾಣುವ ವ್ಯತ್ಯಾಸ ಮಾತ್ರ ಎಂದು ಅರ್ಧ ಗಂಟೆ ಹೇಳಿದೆ. ಮಾರನೆಯ ದಿನ ಅಂಗಡಿಗೆ ಹೋಗು, ರೈಫಲ್ ಕೇಳಬೇಡ, ಕಾಡತೂಸಿನ ಕಪಾಟು ತೋರಿಸು ಎನ್ನು ಎಂದೆ. 1894ರಿಂದ ಸ್ವೀಡನ್ನಿನ ಸೇನೆ ಬಳಸಿದ 6.5x55 ಅಲ್ಲಿಯವರಿಗೆ ನಮ್ಮ ಬಿಳಿಜೋಳ ಇದ್ದಂತೆ. ಅವನು ಅದನ್ನೇ ಆರಿಸಿಕೊಂಡ. ಶೋನಾವರಿನ ಫೋಟೊ ಇನ್ನೂ ಅವನ ಮೊಬೈಲಿನಲ್ಲಿದೆ, ಅದಕ್ಕೆ ನನ್ನ ಅಭ್ಯಂತರವಿಲ್ಲ.

ಇಲ್ಲಿಯವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಬೇಟೆಯ ರೈಫಲ್ ಎಂದು ಕರೆದ ಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕಂತಲ್ಲ. 1972ರ ವನ್ಯಜೀವಿ ಕಾಯ್ದೆ ಅದನ್ನು ನಿಷೇಧಿಸಿದೆ. ಬೆಳೆ ರಕ್ಷಣೆಯ ಪರವಾನಗಿ ಇದ್ದರೂ ಚಿಗರಿಗಾಗಲಿ ಕಾಡುಹಂದಿಗಾಗಲಿ ಅರಣ್ಯ ಇಲಾಖೆಯ ಆದೇಶವಿಲ್ಲದೆ ಗುಂಡು ಹಾರಿಸುವಂತಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ, 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡದ ಹತ್ತು ಕಿಲೋಮೀಟರ್ ಒಳಗಿನ ಪರವಾನಗಿದಾರರು ಆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂಬ ನಿಯಮವನ್ನು ನಾನು ಹೇಳಿದಾಗ ಮೊದಲ ಬಾರಿ ಕೇಳಿದವರೇ ಹೆಚ್ಚು. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಆದ್ದರಿಂದ ಕಾಡತೂಸು ಸಿಗದ ರೈಫಲ್ಲಿಗೆ ಒಂದು ಸ್ಥಾನ ಕೊಡುವ ಮೊದಲು ಯೋಚಿಸಿ. ಹಾವೇರಿಯ ಗೋವಿನಜೋಳದ ರೈತರು ಹಂದಿಯ ಕಾಟದಿಂದ ಕಣ್ಣೀರು ಹಾಕುವುದನ್ನು ನೋಡಿದ್ದೇನೆ, ಅವರ ಕಷ್ಟ ಸುಳ್ಳಲ್ಲ. ಆದರೆ ಈ ರೈಫಲ್‌ಗಳ ಗುಂಡು ಮೂರು ಕಿಲೋಮೀಟರಿಗಿಂತ ಆಚೆಗೂ ಹೋಗಬಲ್ಲದು, ನಮ್ಮ ಎರೆಭೂಮಿಯಲ್ಲಿ ಅದನ್ನು ತಡೆಯಲು ಒಂದು ದಿಬ್ಬವೂ ಇಲ್ಲ.

ವಾಟ್ಸ್ಆ್ಯಪಿನಲ್ಲಿ ಫೋಟೊ ಕಳುಹಿಸಿ ಯಾವ ಕಾಡತೂಸು ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ, ಸಿಟ್ಟಾಗಬೇಡಿ. ಸೀಸದ ಗೋಲಿ ದಾಟಿಸದೆ, ಕಾಡತೂಸು ಕೂರುವ ಜಾಗದ ಅಚ್ಚು ತೆಗೆಯದೆ ನನಗೂ ಗೊತ್ತಾಗುವುದಿಲ್ಲ. ಬೇರೆ ಊರಿನವರಾದರೆ ನಿಮ್ಮ ಹತ್ತಿರದ ಪರವಾನಗಿ ಇರುವ ದುರಸ್ತಿಗಾರರಿಂದ ಅಳತೆ ಮಾಡಿಸಿ. ತರುವಾಗ ಪರವಾನಗಿ ಪುಸ್ತಕ ಜೊತೆಗಿರಲಿ, ರೈಫಲ್ ಖಾಲಿ ಇರಲಿ, ಪೆಟ್ಟಿಗೆಯ ತಳದಲ್ಲಿ ಸಿಕ್ಕ ಹಳೆಯ ಕಾಡತೂಸನ್ನು ಹಾಕಿ ನೋಡುವುದು ಬೇಡ. ನಳಿಗೆಯ ಕೆಳಭಾಗದಲ್ಲಿ, ಮರದೊಳಗೆ ಅಡಗಿದ ಕಡೆ, ಕಿರೀಟದ ಚಿತ್ರ, ಸಣ್ಣ ಅಕ್ಷರ, ಅಂಕಿಗಳಿರುತ್ತವೆ. ನನಗೆ ತೋರಿಸಲು ತರುವ ಮುನ್ನ ಚೆಂದ ಕಾಣಲೆಂದು ಅವುಗಳನ್ನು ಉಸುಕಿನ ಕಾಗದದಿಂದ ಉಜ್ಜಬೇಡಿ.