ಎಂಟು ಚುಕ್ಕಿ, ಎಂಟು ಸಾಲು: ಕಳಿಸಿದ ಫೋಟೋ ಮಸುಕಾಗುವುದು ಎಲ್ಲಿ?

"ನೆಟ್‌ವರ್ಕ್ ಸರಿ ಇರಲಿಲ್ಲ, ಅದಕ್ಕೇ ಫೋಟೋ ಮಬ್ಬಾಗಿ ಬಂತು." ಈ ಮಾತು ಎಷ್ಟು ಬಳಕೆಯಲ್ಲಿದೆಯೆಂದರೆ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ವಿಡಿಯೋ ಕರೆಗೆ ಇದು ನಿಜ. ಫೋಟೋಗೆ ಅಲ್ಲ. ನೆಟ್‌ವರ್ಕ್ ನಿಧಾನವಿದ್ದರೆ ಫೋಟೋ ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ದಾರಿಯಲ್ಲಿ ಒಂದು ತುಣುಕು ಕಳೆದುಹೋದರೆ ಅದನ್ನು ಗುರುತಿಸಿ ಮತ್ತೆ ತರಿಸಿಕೊಳ್ಳುವ ಏರ್ಪಾಡು ಇಂಟರ್ನೆಟ್ಟಿನ ಬುಡದಲ್ಲೇ ಇದೆ. ಡೌನ್‌ಲೋಡ್ ಆಗುವ ಮುನ್ನ ಕಾಣುವ ಮಂಜು ಕವಿದಂಥ ಚಿತ್ರ ಒಂದು ಪುಟ್ಟ ಮುನ್ನೋಟ, ಅಷ್ಟೆ. ಫೋಟೋ ನಿಜವಾಗಿ ಸವೆಯುವುದು ಕಳಿಸುವವರ ಫೋನಿನೊಳಗೆ, ಸೆಂಡ್ ಒತ್ತಿದ ಮೇಲೆ, ಹೊರಡುವುದಕ್ಕೂ ಮೊದಲೇ. ಹಾಗಾಗಿ ಅದನ್ನು ತಡೆಯುವುದೂ ಕಳಿಸುವವರ ಕೈಯಲ್ಲೇ ಇದೆ.

ಅಲ್ಲಿ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು ಸುಲಭ: ಚಿತ್ರದ ಅಳತೆ ಕುಗ್ಗುತ್ತದೆ. 4000 ಚುಕ್ಕಿ (ಪಿಕ್ಸೆಲ್) ಅಗಲ, 3000 ಚುಕ್ಕಿ ಎತ್ತರದ 12 ಮೆಗಾಪಿಕ್ಸೆಲ್ ಫೋಟೋವನ್ನು ಚಾಟ್ ಆ್ಯಪ್ ಪ್ರತಿ ಬದಿಯಲ್ಲೂ ಸುಮಾರು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸುತ್ತದೆ. ಎರಡನೆಯದು, ಫೋಟೋ ಉಳಿಸುವ ಸಾಮಾನ್ಯ ರೂಪವಾದ ಜೆಪೆಗ್ ವಿಧಾನದಲ್ಲಿ ಅದನ್ನು ಮತ್ತೊಮ್ಮೆ ಬಿಗಿಯಾಗಿ ಅದುಮುವುದು, ಅಂದರೆ ಫೈಲಿನ ಗಾತ್ರ ಇಳಿಸುವುದು. ಈ ಎರಡನೆಯ ಕೆಲಸದಷ್ಟು ಸೊಗಸಾದ ಗಣಿತ ದಿನಬಳಕೆಯ ವಸ್ತುಗಳಲ್ಲಿ ಇನ್ನೊಂದಿಲ್ಲ.

12 ಮೆಗಾಪಿಕ್ಸೆಲ್ ಎಂದರೆ 1.2 ಕೋಟಿ ಚುಕ್ಕಿ. ಒಂದೊಂದಕ್ಕೂ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಬೈಟ್, ಒಟ್ಟು 3.6 ಕೋಟಿ ಬೈಟ್, ಅಂದರೆ 36 ಎಂಬಿ. ನಿಮ್ಮ ಗ್ಯಾಲರಿಯಲ್ಲಿರುವ ಫೋಟೋ ಮಾತ್ರ ಮೂರೋ ನಾಲ್ಕೋ ಎಂಬಿ. ಅಂದರೆ ಅದು ಯಾರಿಗೂ ಕಳಿಸುವ ಮೊದಲೇ ಹತ್ತರಲ್ಲೊಂದು ಪಾಲಿಗೆ ಇಳಿದಿದೆ, ಕಣ್ಣಿಗೆ ಅದರ ಸುಳಿವೇ ಹತ್ತಿಲ್ಲ. ಹೇಗೆ?

ಮೊದಲು ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತಾರೆ: ಬೆಳಕಿಗೆ ಒಂದು ಪದರ, ಬಣ್ಣಕ್ಕೆ ಎರಡು. ನಮ್ಮ ಕಣ್ಣು ಬೆಳಕು-ನೆರಳಿನ ಸೂಕ್ಷ್ಮವನ್ನು ಹಿಡಿಯುವಷ್ಟು ಚುರುಕಾಗಿ ಬಣ್ಣದ ಸೂಕ್ಷ್ಮವನ್ನು ಹಿಡಿಯಲಾರದು. ಆದ್ದರಿಂದ ಬಣ್ಣದ ಎರಡು ಪದರಗಳನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡುತ್ತಾರೆ, ನಾಲ್ಕು ಚುಕ್ಕಿಗೆ ಒಂದೇ ಬಣ್ಣ. ಇಷ್ಟರಲ್ಲೇ ಗಾತ್ರ ಅರ್ಧಕ್ಕೆ ಬಂತು. ನಂತರ ಇಡೀ ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಚುಕ್ಕಿ.

ಈಗ 64 ಪಾರದರ್ಶಕ ಹಾಳೆಗಳನ್ನು ಊಹಿಸಿಕೊಳ್ಳಿ. ಮೊದಲನೆಯದರ ತುಂಬ ಒಂದೇ ಬೂದು. ಎರಡನೆಯದರಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ತಿಳಿಯಾಗುವ ನೆರಳು. ಮುಂದೆ ಹೋದಂತೆ ಪಟ್ಟೆಗಳು ಸಣ್ಣವಾಗುತ್ತ, ದಟ್ಟವಾಗುತ್ತ, ಕೊನೆಯ ಹಾಳೆಯಲ್ಲಿ ಚದುರಂಗದ ಮಣೆಯಂಥ ನವುರಾದ ಚೌಕುಳಿ. ಯಾವ ಎಂಟು-ಎಂಟರ ಚೌಕವನ್ನು ಕೊಟ್ಟರೂ ಈ 64 ಹಾಳೆಗಳನ್ನು ತಕ್ಕ ಪ್ರಮಾಣದಲ್ಲಿ ಒಂದರ ಮೇಲೊಂದು ಇಟ್ಟು ಅದನ್ನು ತದ್ರೂಪ ಮೂಡಿಸಬಹುದು. ಒಂದು ಸ್ವರಮೇಳವನ್ನು ಕೇಳಿ "ಷಡ್ಜ ಇಷ್ಟು, ಪಂಚಮ ಇಷ್ಟು, ತಾರಸ್ಥಾಯಿಯದು ತುಸುವೇ" ಎಂದು ಬಿಡಿಸಿ ಹೇಳಿದ ಹಾಗೆ. ಚುಕ್ಕಿಗಳ ಬದಲು ಈ ಪ್ರಮಾಣಗಳನ್ನು ಬರೆದಿಡುವ ಲೆಕ್ಕಕ್ಕೆ ಡಿಸಿಟಿ (ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್) ಎಂದು ಹೆಸರು.

ಅಲೆಗಳನ್ನು ಹೀಗೆ ಬಿಡಿಸುವ ವಿದ್ಯೆ ಹಳೆಯದು. ಫ್ರೆಂಚ್ ಗಣಿತಜ್ಞ ಜೋಸೆಫ್ ಫೊರಿಯೇ 1822ರಲ್ಲೇ ಶಾಖದ ಹರಿವನ್ನು ವಿವರಿಸುತ್ತ ಅದನ್ನು ಜಗತ್ತಿನ ಮುಂದಿಟ್ಟಿದ್ದ. ಆದರೆ ಆ ಲೆಕ್ಕವನ್ನು ಇದ್ದ ಹಾಗೇ ಚೌಕಕ್ಕೆ ಹಚ್ಚಿದರೆ ಒಂದು ತೊಡಕು. ಅದು ಚೌಕವನ್ನು ಕೊನೆಯಿಲ್ಲದೆ ಮರುಕಳಿಸುವ ಸರಪಳಿಯೆಂದು ಭಾವಿಸುತ್ತದೆ, ಬಲ ಅಂಚನ್ನು ಎಡ ಅಂಚಿಗೆ ಜೋಡಿಸುತ್ತದೆ. ಎಡ ತುದಿ ಕಪ್ಪು, ಬಲ ತುದಿ ಬಿಳುಪು ಇದ್ದರೆ ಜೋಡಣೆಯಲ್ಲಿ ಇಲ್ಲದ ಜಿಗಿತ ಹುಟ್ಟುತ್ತದೆ, ಅದನ್ನು ತುಂಬಲು ಬೇಡದ ಸಣ್ಣ ಪಟ್ಟೆಗಳು ಬೇಕಾಗುತ್ತವೆ. ಡಿಸಿಟಿ ಅಂಚಿಗೆ ಕನ್ನಡಿ ಇಟ್ಟಂತೆ ಕೆಲಸ ಮಾಡುತ್ತದೆ: ಬಲ ತುದಿಯ ಬಿಳುಪು ಕನ್ನಡಿಯ ಬಿಳುಪನ್ನೇ ಮುಟ್ಟುತ್ತದೆ, ಜಿಗಿತವೇ ಇಲ್ಲ. ಚಿತ್ರದ ಬಹುಪಾಲು ಸತ್ವ ಮೊದಲ ಕೆಲವು ಹಾಳೆಗಳಲ್ಲೇ ನಿಂತುಬಿಡುತ್ತದೆ.

ಇದನ್ನು ಕಂಡುಕೊಂಡವರು ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ನಾಸಿರ್ ಅಹ್ಮದ್. 1972ರಲ್ಲಿ ಈ ಸಂಶೋಧನೆಗೆ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಿಂದ ಹಣ ಕೇಳಿದಾಗ ಸಿಗಲಿಲ್ಲ, ವಿಚಾರ ತೀರಾ ಸರಳವಾಗಿದೆ ಎಂಬ ಟೀಕೆ ಬಂತು. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಕಟಿಸಿದ ಲೇಖನ ಕೆಲವೇ ಪುಟಗಳದ್ದು. 1992ರಲ್ಲಿ ಮಾನಕವಾದ ಜೆಪೆಗ್ ಮಾತ್ರವಲ್ಲ, ವಿಡಿಯೋ ಅದುಮುವ ಹೆಚ್ಚಿನ ವಿಧಾನಗಳೂ ಅದರ ಮೇಲೆಯೇ ನಿಂತಿವೆ. ತಿಳಿಗೇಡಿ ಫಾರ್ವರ್ಡ್‌ಗಳಲ್ಲಿ "ಇದೆಲ್ಲ ಪುರಾತನರಿಗೆ ಗೊತ್ತಿತ್ತು" ಎಂದು ಓದಿ ಹೆಮ್ಮೆಪಡುವವರಿಗೆ ಈ ಹೆಸರು ಗೊತ್ತಿಲ್ಲದಿರುವುದು ನಿಜಕ್ಕೂ ನೋವಿನ ಸಂಗತಿ.

ಇಲ್ಲಿಯವರೆಗೆ ಚಿತ್ರದ ಸೂಕ್ಷ್ಮವೇನೂ ಹೋಗಿಲ್ಲ ಎಂಬುದನ್ನು ಗಮನಿಸಿ, ಅಷ್ಟಿಷ್ಟು ಬಣ್ಣದ ಹೊರತು. ಕಳೆದುಕೊಳ್ಳುವುದು ಮುಂದಿನ ಹೆಜ್ಜೆಯಲ್ಲಿ, ಒಂದು ಭಾಗಾಕಾರದಲ್ಲಿ. 64 ಪ್ರಮಾಣಗಳನ್ನೂ ಒಂದು ಕೋಷ್ಟಕದ ಸಂಖ್ಯೆಗಳಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸುತ್ತಾರೆ. ಮಾನಕದಲ್ಲಿ ಮಾದರಿಯಾಗಿ ಕೊಟ್ಟ ಕೋಷ್ಟಕದಲ್ಲಿ ಬೆಳಕಿನ ಮೊದಲ ಸಂಖ್ಯೆ 16, ಕೊನೆಯದು 99. ಮೊದಲ ಹಾಳೆಯ ಪ್ರಮಾಣ 235 ಇದ್ದರೆ 16ರಿಂದ ಭಾಗಿಸಿ 15 ಎಂದು ಬರೆಯುತ್ತಾರೆ. ತೆರೆಯುವಾಗ 15ನ್ನು 16ರಿಂದ ಗುಣಿಸಿದರೆ 240. ಐದರ ವ್ಯತ್ಯಾಸ, ಕಣ್ಣಿಗೆ ಕಾಣದು. ಕೊನೆಯ ನವುರು ಹಾಳೆಯ ಪ್ರಮಾಣ 43 ಇದ್ದರೆ 99ರಿಂದ ಭಾಗಿಸಿದಾಗ ಅರ್ಧಕ್ಕೂ ಕಡಿಮೆ, ಆದ್ದರಿಂದ ಸೊನ್ನೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ 43 ಮರಳಿ ಬರುವುದಿಲ್ಲ. ಸಾಲುಸಾಲು ಸೊನ್ನೆಗಳನ್ನು "ಇಲ್ಲಿಂದ ಮುಂದೆ ಏನೂ ಇಲ್ಲ" ಎಂಬ ಒಂದು ಸಣ್ಣ ಗುರುತಿನಲ್ಲಿ ಮುಗಿಸಬಹುದು. ಜಾಗ ಉಳಿಯುವುದು ಅಲ್ಲಿ.

ಆಕಾಶ, ಗೋಡೆ, ಕೆನ್ನೆ ಇವೆಲ್ಲ ಮೆಲ್ಲಗೆ ಬದಲಾಗುವಂಥವು, ನವುರು ಹಾಳೆ ಹೋದರೆ ಅವುಗಳಿಗೆ ನಷ್ಟವಿಲ್ಲ. ಅಕ್ಷರಗಳ ಪಾಡು ಬೇರೆ. ಬಿಳಿಯ ಮೇಲೆ ಕಪ್ಪು ಗೆರೆ ಎಂದರೆ ಹಠಾತ್ ಬದಲಾವಣೆ, ಅದಕ್ಕೆ 64 ಹಾಳೆಗಳೂ ಬೇಕು. ಕೊನೆಯವನ್ನು ತೆಗೆದರೆ ಗೆರೆಯ ಸುತ್ತ ಸೊಳ್ಳೆ ಮುತ್ತಿದಂತೆ ಕಲೆಗಳೇಳುತ್ತವೆ. ಕನ್ನಡಕ್ಕೆ ಈ ಪೆಟ್ಟು ಹೆಚ್ಚೇ ಬೀಳುತ್ತದೆ. ದ ಮತ್ತು ಧ ನಡುವಿನ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು. ಒತ್ತಕ್ಷರ ಮುಖ್ಯ ಅಕ್ಷರಕ್ಕಿಂತ ಸಣ್ಣದು. ಪುಟದ ಫೋಟೋ ಕುಗ್ಗಿದಾಗ ಆ ಸೀಳಿಗೆ ಒಂದು ಚುಕ್ಕಿಯೂ ಉಳಿಯದಿರಬಹುದು. ಆದ್ದರಿಂದ ಬರಹವಿರುವ ಯಾವುದನ್ನೂ, ಅಂಕಪಟ್ಟಿ, ಕರಾರು ಪತ್ರ, ಔಷಧಿ ಚೀಟಿ, ಫೋಟೋ ಎಂದು ಕಳಿಸಬೇಡಿ. ಫೋನಿನ ಸ್ಕ್ಯಾನ್ ಸೌಲಭ್ಯದಲ್ಲಿ ಪಿಡಿಎಫ್ ಮಾಡಿ ಕಳಿಸಿ. ಸ್ಕ್ರೀನ್‌ಶಾಟ್ ಪಿಎನ್‌ಜಿ ರೂಪದಲ್ಲಿದ್ದರೆ, ಅದರಲ್ಲಿ ಏನೂ ನಷ್ಟವಾಗುವುದಿಲ್ಲ, ಅದನ್ನು ಫೈಲ್ ಆಗಿಯೇ ಕಳಿಸಿ.

ಇದೇ ಲೆಕ್ಕ ಇನ್ನೊಂದು ನಿತ್ಯದ ಸಂಕಟವನ್ನೂ ಬಿಡಿಸುತ್ತದೆ. ಆನ್‌ಲೈನ್ ಅರ್ಜಿ "ಫೋಟೋ 50 ಕೆಬಿ ಮೀರಬಾರದು" ಎನ್ನುತ್ತದೆ. ಬಹಳ ಜನ ಕ್ಯಾಮೆರಾದ ಫೋಟೋವನ್ನೇ ಯಾವುದೋ ಆ್ಯಪ್‌ಗೆ ಕೊಟ್ಟು ಕ್ವಾಲಿಟಿಯ ಗುಂಡಿಯನ್ನು ಕೆಳಗೆ ಎಳೆಯುತ್ತ ಹೋಗುತ್ತಾರೆ, ಮುಖ ಚೌಕಚೌಕವಾಗುತ್ತದೆ, ಅರ್ಜಿ ತಿರಸ್ಕೃತವಾಗುತ್ತದೆ. ಎಣಿಸಿ ನೋಡಿ. 4000 × 3000 ಚಿತ್ರದಲ್ಲಿ 1,87,500 ಚೌಕಗಳಿವೆ. 50 ಕೆಬಿ ಎಂದರೆ 51,200 ಬೈಟ್, ಬೈಟಿಗೆ ಎಂಟು ಬಿಟ್‌ನಂತೆ 4,09,600 ಬಿಟ್. ಒಂದು ಚೌಕದ ಪಾಲಿಗೆ ಎರಡು ಬಿಟ್ ಚಿಲ್ಲರೆ! ಅಷ್ಟರಲ್ಲಿ 64 ಚುಕ್ಕಿಗಳ ಬಗ್ಗೆ ಏನು ತಾನೇ ಹೇಳಲಾದೀತು? ಪ್ರತಿ ಚೌಕಕ್ಕೂ ಸಿಗುವುದು ಒಂದು ಬೂದು ಬಣ್ಣ, ಅಷ್ಟೆ. ಅದೇ ಚಿತ್ರವನ್ನು ಮೊದಲು 400 × 500ಕ್ಕೆ ಇಳಿಸಿದರೆ ಚೌಕಗಳು 3,150, ಒಂದೊಂದಕ್ಕೆ 130 ಬಿಟ್. ಮುಖ ಸ್ವಚ್ಛವಾಗಿ ಉಳಿಯುತ್ತದೆ.

ಹಾಗಾಗಿ ಕ್ರಮ ಇದು: ಮೊದಲು ಬೇಡದ ಅಂಚು ಕತ್ತರಿಸಿ, ನಂತರ ಪಿಕ್ಸೆಲ್ ಅಳತೆ ಇಳಿಸಿ, ಕೊನೆಗೆ ಕ್ವಾಲಿಟಿಯನ್ನು 75-80ರ ಆಸುಪಾಸಿಗೆ ಇಟ್ಟು ಸೇವ್ ಮಾಡಿ, ಗಾತ್ರ ನೋಡಿ. ಇನ್ನೂ ಹೆಚ್ಚಿದ್ದರೆ ಅಳತೆಯನ್ನು ಮತ್ತಷ್ಟು ಇಳಿಸಿ, ಅರ್ಜಿಯಲ್ಲಿ ಕನಿಷ್ಠ ಅಳತೆ ಹೇಳಿದ್ದರೆ ಅಲ್ಲಿಗೆ ನಿಲ್ಲಿಸಿ ಕ್ವಾಲಿಟಿ ಮುಟ್ಟಿ. ಹಿನ್ನೆಲೆ ಬರಿಯ ಗೋಡೆಯಾಗಿದ್ದರೆ ಅದರ ಚೌಕಗಳು ಉಳಿಸಿದ ಬಿಟ್ ಮುಖಕ್ಕೆ ಸಲ್ಲುತ್ತದೆ, ಎಲೆಗಳ ಗಿಡದ ಮುಂದೆ ನಿಂತರೆ ಎಲೆಗಳೇ ಎಲ್ಲವನ್ನೂ ನುಂಗುತ್ತವೆ. ಕ್ವಾಲಿಟಿ 80 ಎಂದರೆ ಶೇಕಡಾ 80 ಅಲ್ಲ. ಅದು ಭಾಗಾಕಾರದ ಕೋಷ್ಟಕವನ್ನು ಆರಿಸುವ ಒಂದು ಗುರುತು, ಆ್ಯಪ್‌ನಿಂದ ಆ್ಯಪ್‌ಗೆ ಬೇರೆಬೇರೆ. 100 ಇಟ್ಟರೂ ಪೂರ್ಣಾಂಕಕ್ಕೆ ಸರಿಹೊಂದಿಸುವುದು ತಪ್ಪುವುದಿಲ್ಲ.

ತಪ್ಪು ಕಲ್ಪನೆಗಳು ಇನ್ನೂ ಇವೆ. ಫೋಟೋವನ್ನು ಪದೇ ಪದೇ ತೆರೆದರೆ ಅಥವಾ ನಕಲು ಮಾಡಿದರೆ ಸವೆಯುತ್ತದೆ ಎನ್ನುವುದು ಸುಳ್ಳು. ತಿದ್ದಿ ಮತ್ತೆ ಸೇವ್ ಮಾಡಿದಾಗ ಮಾತ್ರ ಹೊಸ ಭಾಗಾಕಾರ ನಡೆಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಫಾರ್ವರ್ಡ್ ಗುರುತು ಒತ್ತಿ ದಾಟಿಸಿದರೂ ಅದೇ ಫೈಲ್ ಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದು, ಅಂಚು ಕತ್ತರಿಸಿ, ಹೊಸದಾಗಿ ಕಳಿಸಿದರೆ ಚೌಕಗಳ ಗೆರೆಗಳೇ ಪಲ್ಲಟಗೊಂಡು ಹಳೆಯ ಕಲೆಯ ಮೇಲೆ ಹೊಸ ಕಲೆ ಕೂರುತ್ತದೆ. ಜೆಪೆಗ್ ಅನ್ನು ಪಿಎನ್‌ಜಿಗೆ ಬದಲಿಸಿದರೆ ಕಳೆದದ್ದು ಮರಳಿತೆಂಬ ನಂಬಿಕೆಯೂ ಹುಸಿ, ಫೈಲ್ ದಪ್ಪವಾಗುತ್ತದೆ, ಅಷ್ಟೆ.

ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು, ಎಐ ಬಳಸಿ ಮಸುಕು ಫೋಟೋವನ್ನು "ಸ್ಪಷ್ಟ" ಮಾಡುವ ಆ್ಯಪ್‌ಗಳ ಮೇಲಿನ ಭಕ್ತಿ. ಸೊನ್ನೆಯಾದ 43 ಅವುಗಳಿಗೂ ಸಿಗದು. ಅವು ಲಕ್ಷಾಂತರ ಚಿತ್ರ ನೋಡಿ ಕಲಿತದ್ದರಿಂದ ಇಲ್ಲಿ ಹೀಗಿದ್ದಿರಬಹುದು ಎಂದು ಬಿಡಿಸುತ್ತವೆ. ಅಜ್ಜಿಯ ಹಳೆಯ ಫೋಟೋಗೆ ಅದು ಸರಿ. ವಾಹನದ ನಂಬರ್ ಪ್ಲೇಟಿಗೋ ದಾಖಲೆಯ ಅಂಕಿಗೋ ಸಲ್ಲದು. ಯಂತ್ರ ಸ್ಪಷ್ಟವಾಗಿಯೇ ತಪ್ಪು ಬರೆಯಬಲ್ಲದು ಎಂಬುದಕ್ಕೆ 2013ರ ಒಂದು ಪ್ರಕರಣ ನೆನಪಿಡಬೇಕು. ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸಲ್, ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರ್‌ಗಳು 6 ಇದ್ದಲ್ಲಿ 8 ಇಡುತ್ತಿವೆ ಎಂದು ತೋರಿಸಿಕೊಟ್ಟರು. ಒಂದೇ ಬಗೆಯ ಆಕಾರಗಳನ್ನು ಒಮ್ಮೆ ಮಾತ್ರ ಉಳಿಸಿ ಬೇರೆಡೆ ಅದನ್ನೇ ಅಂಟಿಸುವ ಅದುಮುವಿಕೆ ಅದಕ್ಕೆ ಕಾರಣ. ಪುಟದಲ್ಲಿ ಮಸುಕೇ ಇರಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಜೆಪೆಗ್ ಹಾಗಲ್ಲ: ಅದು ತಿಳಿಯದ ಕಡೆ ಮಸುಕಾಗುತ್ತದೆ, ಇಲ್ಲದ ಅಂಕಿಯನ್ನು ಕಟ್ಟುವುದಿಲ್ಲ.

ಇನ್ನು ಮೂಲ ಫೋಟೋ ಹಾಗೇ ತಲುಪಬೇಕಾದರೆ ಏನು ಮಾಡಬೇಕು? ವಾಟ್ಸ್‌ಆ್ಯಪ್‌ನಲ್ಲಿ 2023ರಿಂದ ಎಚ್‌ಡಿ ಗುಂಡಿ ಇದೆ. ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮೀಡಿಯಾ ಅಪ್‌ಲೋಡ್ ಕ್ವಾಲಿಟಿಗೆ ಹೋದರೆ ಅದನ್ನೇ ಕಾಯಂ ಮಾಡಬಹುದು. ಆದರೆ ಎಚ್‌ಡಿಯಲ್ಲೂ ಅದುಮುವಿಕೆ ಇದೆ, ಕಡಿಮೆ ಅಷ್ಟೇ. ಒಂದು ಬಿಟ್ಟೂ ಬದಲಾಗಬಾರದೆಂದರೆ ಲಗತ್ತಿನ ಗುರುತು ಒತ್ತಿ ಡಾಕ್ಯುಮೆಂಟ್ ಆರಿಸಿ, ಅಲ್ಲಿಂದ ಫೋಟೋ ಹುಡುಕಿ ಕಳಿಸಿ. ಹೀಗೆ 2 ಜಿಬಿವರೆಗೆ ಹೋಗುತ್ತದೆ. ಟೆಲಿಗ್ರಾಮ್‌ನಲ್ಲಿಯೂ ಫೈಲ್ ಆಗಿ ಕಳಿಸುವ ಆಯ್ಕೆ ಇದೆ. ಐಫೋನಿನವರು ಕಳಿಸುವ ಫೋಟೋ ಹಳೆಯ ಸಾಧನಗಳಲ್ಲಿ ತೆರೆಯದಿದ್ದರೆ ಅದು ಎಚ್‌ಇಐಸಿ ಎಂಬ ಹೊಸ ರೂಪದ್ದಿರಬಹುದು. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದಿನ ಫೋಟೋಗಳು ಜೆಪೆಗ್ ಆಗುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಸ್ಟೋರೇಜ್ ಸೇವರ್ ಆರಿಸಿದ್ದರೆ ಅಲ್ಲೂ ಅದುಮುವಿಕೆ ನಡೆಯುತ್ತದೆ, 16 ಮೆಗಾಪಿಕ್ಸೆಲ್ ಮೀರಿದ್ದು ಅಳತೆಯಲ್ಲೂ ಇಳಿಯುತ್ತದೆ.

ಯಾವಾಗ ಇಷ್ಟೆಲ್ಲ ಬೇಕು? ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಲೆಕ್ಕ ಹಿಡಿಯಿರಿ. 4 × 6 ಇಂಚಿಗೆ 1200 × 1800 ಸಾಕು, ಚಾಟ್‌ನಲ್ಲಿ ಬಂದ ಫೋಟೋ ಅದಕ್ಕೆ ಹೆಚ್ಚುಕಡಿಮೆ ಒದಗುತ್ತದೆ. ಎ4 ಹಾಳೆಗೆ 2480 × 3508 ಬೇಕು, ಅಲ್ಲಿ ಮೂಲವೇ ಆಗಬೇಕು.

ಡಾಕ್ಯುಮೆಂಟ್ ದಾರಿಗೆ ಒಂದು ಎಚ್ಚರ ಬೇಕು. ಫೋಟೋ ಎಂದು ಕಳಿಸಿದಾಗ ವಾಟ್ಸ್‌ಆ್ಯಪ್ ಅದರೊಳಗಿನ ಮಾಹಿತಿಯನ್ನು ಉದುರಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದಾಗ ಎಲ್ಲವೂ ಜೊತೆಗೇ ಹೋಗುತ್ತದೆ: ತೆಗೆದ ದಿನ, ಹೊತ್ತು, ಫೋನಿನ ಮಾದರಿ, ಲೊಕೇಷನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ-ರೇಖಾಂಶವೂ. ಹಳೆಯ ಮೇಜು ಮಾರಲು ಅಪರಿಚಿತರಿಗೆ ಹೀಗೆ ಫೋಟೋ ಕಳಿಸಿದರೆ ಮನೆಯ ನಕ್ಷೆಯನ್ನೇ ಕೊಟ್ಟಂತೆ. ಐಫೋನಿನಲ್ಲಿ ಶೇರ್ ಒತ್ತಿದಾಗ ಮೇಲೆ ಕಾಣುವ ಆಪ್ಷನ್ಸ್‌ನಲ್ಲಿ ಲೊಕೇಷನ್ ಆಫ್ ಮಾಡಬಹುದು. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ನ ಲೊಕೇಷನ್ ಆಯ್ಕೆಯನ್ನೇ ಆಫ್ ಮಾಡಿಟ್ಟರೆ ಆ ಮೇಲೆ ತೆಗೆದ ಫೋಟೋಗಳಲ್ಲಿ ಜಾಗ ದಾಖಲಾಗುವುದಿಲ್ಲ. ಈಗಾಗಲೇ ತೆಗೆದವುಗಳಲ್ಲಿ ಅದು ಹಾಗೇ ಇರುತ್ತದೆ, ಅವುಗಳನ್ನು ಫೋಟೋ ಎಂದೇ, ಎಚ್‌ಡಿಯಲ್ಲಿ ಕಳಿಸಿ.