ಕೊಟ್ಟಿಗೆ ವಾಸನೆಯ ಕಳಲೆ

ಕಳಲೆ ಎಂದರೆ ಬಿದಿರಿನ ಎಳೆ ಮೊಳಕೆ. ಹೆಚ್ಚಿ ನೀರಲ್ಲಿ ನೆನೆಹಾಕಿದ ಕಳಲೆಯ ಪಾತ್ರೆಯನ್ನು ಮೂರನೇ ದಿನ ತೆರೆದರೆ ಅಡುಗೆಮನೆಗೆಲ್ಲ ಕೊಟ್ಟಿಗೆಯ ವಾಸನೆ ಹಬ್ಬುತ್ತದೆ. ಮಲೆನಾಡು, ಕೊಡಗು, ಕರಾವಳಿಯವರಿಗೆ ಅದು ಮಳೆಗಾಲ ಬಂತೆನ್ನುವ ಪರಿಮಳ. ತಿಂದು ರೂಢಿಯಿಲ್ಲದವರು ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಾರೆ. ಇಬ್ಬರ ಮೂಗೂ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಹುಳಿ ಬಂದ ಕಳಲೆಯ ನಾತಕ್ಕೆ ಮುಖ್ಯ ಕಾರಣವಾದ ಪ್ಯಾರಾ-ಕ್ರೆಸಾಲ್ ಎಂಬ ವಸ್ತು ದನದ ಗಂಜಳದಲ್ಲೂ ಇದೆ.

ಈ ವಸ್ತು ಹುಟ್ಟುವುದು ಟೈರೋಸಿನ್‌ನಿಂದ. ಟೈರೋಸಿನ್ ಒಂದು ಅಮೈನೋ ಆಮ್ಲ, ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು. ಸರಸರನೆ ಬೆಳೆಯುವ ಬಿದಿರಿನ ಮೊಳಕೆಯಲ್ಲಿ ಅದು ಧಾರಾಳವಾಗಿರುತ್ತದೆ. ನೆನೆಹಾಕಿದ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಿದಂತೆ ಕೆಲವು ಹುಳಿ ಬರಿಸುತ್ತವೆ, ಕೆಲವು ಟೈರೋಸಿನ್ ಅನ್ನು ಮುರಿದು ಪ್ಯಾರಾ-ಕ್ರೆಸಾಲ್ ಮಾಡುತ್ತವೆ. ನಮ್ಮಲ್ಲಿ ಎರಡು-ಮೂರು ದಿನಕ್ಕೇ ನಿಲ್ಲಿಸುವುದರಿಂದ ವಾಸನೆ ಒಂದು ಹದದಲ್ಲಿರುತ್ತದೆ. ಮಣಿಪುರದ ಸೊಯಿಬುಮ್, ಚೀನಾದ ಗುವಾಂಗ್‌ಶಿ ಪ್ರಾಂತದ ಹುಳಿ ಕಳಲೆಗಳನ್ನು ಇನ್ನೂ ಬಹುಕಾಲ ಹುದುಗಿಸುತ್ತಾರೆ. ಅಲ್ಲಿನ ಲಿಯುಝೌ ನಗರದ ಲುವೊಸಿಫೆನ್ ಎಂಬ ಬಸವನಹುಳುವಿನ ಸಾರಿನ ಶಾವಿಗೆ ನಾತಕ್ಕೇ ಹೆಸರಾದದ್ದು. ಆ ನಾತ ಬರುವುದು ಹುಳುವಿನಿಂದಲ್ಲ, ಕಳಲೆಯಿಂದ.

ಅದೇ ಟೈರೋಸಿನ್‌ನಿಂದ ಬಿದಿರು ತನ್ನ ಕಾವಲಿಗೆ ಟ್ಯಾಕ್ಸಿಫಿಲಿನ್ ಎಂಬ ಕಹಿವಸ್ತುವನ್ನೂ ಮಾಡಿಕೊಳ್ಳುತ್ತದೆ. ಎಳೆ ಜೋಳದ ಪೈರು ಮೇಯ್ದ ದನ ನಿಂತಲ್ಲೇ ಕುಸಿಯುವುದನ್ನು ಉತ್ತರ ಕರ್ನಾಟಕದ ರೈತರು ಬಲ್ಲರು. ಅದಕ್ಕೆ ಕಾರಣ ಜೋಳದಲ್ಲಿರುವ ಧುರಿನ್ ಎಂಬ ವಸ್ತು. ಧುರಿನ್‌ಗೂ ಟ್ಯಾಕ್ಸಿಫಿಲಿನ್‌ಗೂ ಇರುವುದು ಅವೇ ಪರಮಾಣುಗಳು. ಒಂದು ಕಡೆ ಜೋಡಣೆಯ ದಿಕ್ಕು ಮಾತ್ರ ಬೇರೆ. ಎರಡೂ ಒಡೆದಾಗ ಹೊರಬರುವುದು ಸಯನೈಡ್, ಅಂದರೆ ಹೈಡ್ರೊಜನ್ ಸಯನೈಡ್ ಅನಿಲ. ಜೀವಕೋಶ ಆಮ್ಲಜನಕ ಬಳಸುವುದನ್ನೇ ಅದು ತಡೆಯುತ್ತದೆ. ಮನುಷ್ಯನಿಗೆ ಮಾರಕವಾಗುವ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.5ರಿಂದ 3.5 ಮಿಲಿಗ್ರಾಂ. ಕಳಲೆಯ ವಿಚಾರದಲ್ಲಿ ಅವಸರ ಕೂಡದು ಎನ್ನುವುದು ಇದಕ್ಕೇ.

ಮೆಳೆಯ ಬುಡದಲ್ಲಿ ಒಂದು-ಒಂದೂವರೆ ಅಡಿ ಎದ್ದ ಮೊಳಕೆ ಅಡುಗೆಗೆ ಸರಿ. ಇನ್ನೂ ಉದ್ದವಾದರೆ ನಾರು. ಹೊರಗಿನ ಪೊರೆಗಳ ಕಂದು ರೋಮ ಕೈಗೆ ಚುಚ್ಚಿ ನವೆ ಬರಿಸುತ್ತದೆ, ಆದ್ದರಿಂದ ಕೈಗೆ ಎಣ್ಣೆ ಸವರಿಕೊಂಡು ಉದ್ದಕ್ಕೆ ಸೀಳಿ ಪೊರೆ ಸುಲಿಯಬೇಕು. ಕತ್ತಿ ಸಲೀಸಾಗಿ ಇಳಿಯುವಷ್ಟು ಭಾಗ ಮಾತ್ರ ತಿನ್ನಲು ಯೋಗ್ಯ. ಕತ್ತಿ ತಡೆದರೆ ಅಲ್ಲಿಂದ ಕೆಳಗಿನದು ಬೇಯುವುದಿಲ್ಲ. ಪೊರೆಯೂ ಬುಡವೂ ಹೋಗಿ ಉಳಿಯುವುದು ಅರ್ಧಕ್ಕಿಂತ ಕಡಿಮೆ.

ಮುಂದಿನ ಹೆಚ್ಚುವ ಕೆಲಸದ ಮೇಲೆಯೇ ಎಲ್ಲವೂ ನಿಂತಿದೆ. ಟ್ಯಾಕ್ಸಿಫಿಲಿನ್ ಮತ್ತು ಅದನ್ನು ಒಡೆಯುವ ಕಿಣ್ವವನ್ನು ಗಿಡ ಬೇರೆ ಬೇರೆ ಕಡೆ ಇಟ್ಟಿರುತ್ತದೆ. ಕತ್ತಿ ಆಡಿದಲ್ಲೆಲ್ಲ ಎರಡೂ ಕೂಡುತ್ತವೆ, ಸಯನೈಡ್ ಹೊರಬಿದ್ದು ನೀರಿಗೆ, ಗಾಳಿಗೆ ಹೋಗುತ್ತದೆ. ದಪ್ಪ ತುಂಡಾಗಿ ಹಾಕಿದರೆ ನಡುವಿನದು ಮುಟ್ಟದೆ ಹಾಗೇ ಉಳಿಯುತ್ತದೆ, ಮೂರು ದಿನ ನೆನೆದರೂ ಕಹಿ ಹೋಗದಿರುವುದು ಹೀಗೆ. ಎರಡು-ಮೂರು ಮಿಲಿಮೀಟರ್ ಬಿಲ್ಲೆ ಮಾಡಿ ಮತ್ತೆ ಸಣ್ಣಗೆ ಕೊಚ್ಚಿ. ಸುಳಿಯ ತುದಿಯಲ್ಲಿ ವಿಷ ಹೆಚ್ಚು, ಅದನ್ನಂತೂ ಇನ್ನೂ ಸಣ್ಣಗೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ, ಹೋಳಿನ ಮೇಲೆ ಎರಡು ಬೆರಳು ನೀರು ನಿಲ್ಲಬೇಕು. ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ಹಾಕಿ. ಇದನ್ನು ಮರೆತರೆ ಕಳಲೆ ಲೋಳೆಲೋಳೆಯಾಗಿ ಕೊಳೆಯುತ್ತದೆ. ಹುಳಿವಾಸನೆ ಬೇರೆ, ಕೊಳೆತ ನಾತ ಬೇರೆ. ಲೋಳೆ ಕಂಡರೆ ಎಸೆಯುವುದೇ ಸರಿ. ಚೆಲ್ಲಿದ ನೀರನ್ನು ದನಕ್ಕೆ ಕುಡಿಸಬೇಡಿ.

ಮೂರನೇ ದಿನ ಹೊಸ ನೀರಲ್ಲಿ ಕುದಿಸಿ, ಆ ನೀರನ್ನೂ ಬಸಿಯಬೇಕು. ಟ್ಯಾಕ್ಸಿಫಿಲಿನ್ ಕುದಿಯುವ ನೀರಿನಲ್ಲಿ ತಾನಾಗಿಯೂ ಒಡೆಯುತ್ತದೆ, ಇಂಥ ವಿಷಗಳಲ್ಲಿ ಇದು ಅಪರೂಪದ ಗುಣ. ಹಸಿ ಕಳಲೆಯನ್ನು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಕುದಿಸಿದರೆ ಸುಮಾರು 70 ಶೇಕಡಾ ಸಯನೈಡ್ ಹೋಗುತ್ತದೆ. ನೆನೆಸದೆ ಬರೀ ಕುದಿಸಿ ನಂಬಿಕೊಳ್ಳುವುದು ಸಾಲದು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಸಯನೈಡ್ ಸುಮಾರು 26 ಡಿಗ್ರಿಗೇ ಆವಿಯಾಗುವುದರಿಂದ ಮುಚ್ಚಳ ತೆರೆದಿಟ್ಟು, ಕಿಟಕಿಯನ್ನೂ ತೆರೆದು ಕುದಿಸಿ.

ವಾಸನೆ ಬಂದರೆ ವಿಷ ಹೋಯಿತು ಎಂಬ ಮಾತನ್ನು ಮಾತ್ರ ನಂಬಬಾರದು. ಕೊಟ್ಟಿಗೆ ವಾಸನೆ ಬ್ಯಾಕ್ಟೀರಿಯಾಗಳ ಕೆಲಸವನ್ನು ಹೇಳುತ್ತದೆ, ಸಯನೈಡಿನ ಲೆಕ್ಕವನ್ನಲ್ಲ. ಸಯನೈಡಿಗೆ ತನ್ನದೇ ಕಹಿಬಾದಾಮಿಯ ವಾಸನೆಯಿದ್ದರೂ ಹುಟ್ಟಿನಿಂದಲೇ ಅದನ್ನು ಗ್ರಹಿಸಲಾಗದವರು ಅನೇಕರಿದ್ದಾರೆ. ದಿನ ಎಣಿಸಿ, ನೀರು ಬದಲಿಸಿ, ಕುದಿಸಿ ಬಸಿಯುವುದೇ ದಾರಿ.

ಇಷ್ಟಾದ ಮೇಲೂ ಆ ವಾಸನೆ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಓಕರಿಕೆ ಯಾಕೆ? 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ದ್ರಾವಣವನ್ನು ಒಮ್ಮೆ ಪಾರ್ಮೆಸಾನ್ ಚೀಸ್ ಎಂದೂ ಇನ್ನೊಮ್ಮೆ ವಾಂತಿ ಎಂದೂ ಹೇಳಿ ಮೂಸಿಸಿದರು. ಹೆಸರು ಬದಲಾದಂತೆ ಜನರ ಮೆಚ್ಚುಗೆಯೂ ಬದಲಾಯಿತು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ತಾಯಿ ಕ್ಯಾರೆಟ್ ರಸ ಕುಡಿದಿದ್ದರೆ ಅವಳ ಮಗು ಮುಂದೆ ಕ್ಯಾರೆಟ್ ಬೆರೆಸಿದ ಅಂಬಲಿಗೆ ಮುಖ ಸಿಂಡರಿಸಿದ್ದು ಕಡಿಮೆ. ತುಳುನಾಡಿನ ಆಟಿ ತಿಂಗಳಲ್ಲಿ ಕಣಿಲೆ (ಕಳಲೆಗೆ ತುಳು ಹೆಸರು) ಮತ್ತು ಹೆಸರುಕಾಳಿನ ಗಸಿ ಉಂಡ ಬಸುರಿಯ ಮಗುವಿಗೂ ಹೀಗೇ ರುಚಿ ಹತ್ತಿರಬೇಕು ಅನಿಸುತ್ತದೆ. ಜೊತೆಗೆ, ಮೂಗಿನಿಂದ ಎಳೆದುಕೊಂಡ ವಾಸನೆಯೂ ಜಗಿಯುವಾಗ ಗಂಟಲಿನ ಹಿಂಬದಿಯಿಂದ ಮೂಗಿಗೇರುವ ವಾಸನೆಯೂ ಮಿದುಳಿಗೆ ಒಂದೇ ಅಲ್ಲ. ಪಾತ್ರೆ ತೆರೆದಾಗ ಸಹಿಸಲಾಗದಿದ್ದವರಿಗೂ ಮೊಳಕೆ ಹುರುಳಿ, ಕಾಯಿ, ಕೊತ್ತಂಬರಿ ಅರೆದು ಮಾಡಿದ ಕಳಲೆ ಪಲ್ಯ ಅಕ್ಕಿರೊಟ್ಟಿಯ ಜೊತೆ ಬಾಯಿಗೆ ಬಿದ್ದಾಗ ಹಿಡಿಸಿಬಿಡುವುದುಂಟು.

ಬೇಯಿಸಿಟ್ಟ ಕಳಲೆ ತಣಿದ ಮೇಲೆ ಗೆಣ್ಣಿನ ಸಂದಿಯಲ್ಲಿ ಬಿಳಿ ಹಿಟ್ಟಿನಂಥದ್ದು ಕಂಡರೆ ಬೂಷ್ಟೆಂದು ಎಸೆಯಬೇಡಿ. ಬೂಷ್ಟು ಹತ್ತಿಯಂತೆ ಎಳೆಎಳೆಯಾಗಿರುತ್ತದೆ. ಇದು ಬೆರಳಿಗೆ ತರಿತರಿ, ವಾಸನೆಯಿಲ್ಲ. ತಣ್ಣೀರಿನಲ್ಲಿ ಕರಗಿ ನಿಲ್ಲಲಾರದೆ ಹರಳುಗಟ್ಟಿದ ಟೈರೋಸಿನ್ ಅದು, ವಿಷವೂ ನಾತವೂ ಆಗದೆ ಉಳಿದ ಪಾಲು.