ಲೋರ್ ಮನೋದು: ಪದಕ ನಿಂತರೂ ನಿಲ್ಲದ ಜನಪ್ರಿಯತೆ

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಜಾನ್ ಬ್ವಾತೊ 400 ಮೀಟರ್ ಫ್ರೀಸ್ಟೈಲ್ ಈಜು ಗೆದ್ದ. ಅವನ ಅಪ್ಪನಿಗೆ ಖುಷಿ ತಡೆಯಲಾಗಲಿಲ್ಲ. ಉಟ್ಟ ಬಟ್ಟೆಯಲ್ಲೇ, ತಲೆ ಮೇಲಿನ ಟೋಪಿ ಸಮೇತ ಕೊಳಕ್ಕೆ ಹಾರಿಬಿಟ್ಟರು! ಅದಾದ ಮೇಲೆ 52 ವರ್ಷ ಫ್ರಾನ್ಸಿಗೆ ಒಲಿಂಪಿಕ್ಸ್ ಈಜಿನಲ್ಲಿ ಒಂದೇ ಒಂದು ಚಿನ್ನ ಬರಲಿಲ್ಲ.

ಆ ಬರ ಮುಗಿಸಿದ್ದು 17ರ ಹುಡುಗಿ ಲೋರ್ ಮನೋದು. 2004ರ ಅಥೆನ್ಸ್, ಅದೇ 400 ಮೀಟರ್ ಫ್ರೀಸ್ಟೈಲ್. ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದ ಮೊದಲ ಫ್ರೆಂಚ್ ಮಹಿಳೆಯೂ ಅವಳೇ. ಜೊತೆಗೆ ಒಂದು ಬೆಳ್ಳಿ, ಒಂದು ಕಂಚು.

ಅವಳ ಕೋಚ್ ಫಿಲಿಪ್ ಲ್ಯೂಕಾ. ಉದ್ದ ಹೊಂಬಣ್ಣದ ಕೂದಲು, ಕತ್ತಿನಲ್ಲಿ ಸರ, ಒರಟು ದನಿ. ಮಾತು ಕಡಿಮೆಯ ಹುಡುಗಿ, ಗದರುವ ಕೋಚ್. ಟೀವಿಯವರಿಗೆ ಇಂಥ ಜೋಡಿ ಸಿಕ್ಕರೆ ಬಿಡ್ತಾರಾ? ಆದರೆ ಅವಳ ಹೆಸರು ಸುಮ್ನೆ ಬಂದದ್ದಲ್ಲ. 2006ರ ಮೇ ತಿಂಗಳಲ್ಲಿ, 400 ಮೀಟರಿನಲ್ಲಿ ಅಮೆರಿಕದ ಜಾನೆಟ್ ಇವಾನ್ಸ್ 1988ರಲ್ಲಿ ಮಾಡಿದ್ದ ವಿಶ್ವದಾಖಲೆಯನ್ನು ಮುರಿದಳು. ಇವಾನ್ಸ್ ಆ ದಾಖಲೆ ಮಾಡಿದಾಗ ಮನೋದುಗೆ ಎರಡು ವರ್ಷವೂ ತುಂಬಿರಲಿಲ್ಲ. 2007ರ ಮೆಲ್ಬರ್ನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಐದು ಪದಕ, ಅದರಲ್ಲಿ ಎರಡು ಚಿನ್ನ. 200 ಮೀಟರಿನಲ್ಲಿ 1 ನಿಮಿಷ 55.52 ಸೆಕೆಂಡಿನ ಹೊಸ ವಿಶ್ವದಾಖಲೆ ಬೇರೆ.

ಎಲ್ಲ ತಿರುಗಿದ್ದು ಅಲ್ಲಿಂದಲೇ. ಕೆಲವೇ ವಾರಗಳಲ್ಲಿ ಲ್ಯೂಕಾನನ್ನು ಬಿಟ್ಟು ಇಟಲಿಯ ಟ್ಯೂರಿನ್‌ಗೆ ಹೋದಳು. ಕಾರಣ, ಇಟಲಿಯ ಈಜುಗಾರ ಲುಕಾ ಮರೀನ್ ಜೊತೆಗಿನ ಪ್ರೀತಿ. ಅಲ್ಲಿನ ಕ್ಲಬ್ ಜೊತೆ ಹೊಂದಾಣಿಕೆ ಆಗಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಪ್ರೀತಿಯೂ ಮುರಿಯಿತು, ಅವಳ ಖಾಸಗಿ ಫೋಟೋಗಳು ಇಂಟರ್ನೆಟ್ಟಿಗೆ ಬಂದವು. ಅವಳ ಈಜಿಗಿಂತ ಅವಳ ಮನೆ ಸುದ್ದಿಯೇ ಪತ್ರಿಕೆಗಳಿಗೆ ಜಾಸ್ತಿ ಬೇಕಾಯಿತು. ತಪ್ಪು ಯಾರದ್ದು, ಅವಳದ್ದಂತೂ ಅಲ್ಲ ಅಲ್ವಾ?

2008ರ ಬೀಜಿಂಗಿನಲ್ಲಿ 400 ಮೀಟರ್ ಫೈನಲ್ಲಿಗೆ ಬಂದ ಎಂಟು ಮಂದಿಯಲ್ಲಿ ಎಂಟನೆಯವಳಾದಳು. ಕೋಚನ್ನು ಬಿಟ್ಟದ್ದೇ ಸೋಲಿಗೆ ಕಾರಣ ಅಂತ ಹೇಳುವವರು ಬೇಕಾದಷ್ಟು ಜನ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಹದಿಹರೆಯವೆಲ್ಲ ನೀರಿನಲ್ಲೇ ಕಳೆದವಳಿಗೆ 20ನೇ ವಯಸ್ಸಿಗೆ ಸಾಕು ಅನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. 2009ರಲ್ಲಿ ನಿವೃತ್ತಿ ಹೇಳಿದಳು. 2010ರಲ್ಲಿ ಮಗಳು ಹುಟ್ಟಿದಳು.

ಆಮೇಲೆ ಮತ್ತೆ ನೀರಿಗಿಳಿದಳು. 2012ರ ಲಂಡನ್‌ನಲ್ಲಿ ಹೀಟ್ಸ್, ಅಂದರೆ ಮೊದಲ ಸುತ್ತು ದಾಟಲಾಗಲಿಲ್ಲ. ಆದರೆ ಅದೇ ಕೊಳದಲ್ಲಿ ತಮ್ಮ ಫ್ಲೋರಾಂ 50 ಮೀಟರ್ ಫ್ರೀಸ್ಟೈಲ್ ಗೆದ್ದ. ಅಕ್ಕ ಅಳುತ್ತ ಓಡಿಬಂದು ಅವನನ್ನು ತಬ್ಬಿಕೊಂಡಳು. ಆ ಕೂಟದಲ್ಲಿ ಫ್ರಾನ್ಸಿಗೆ ಈಜಿನಲ್ಲೇ ನಾಲ್ಕು ಚಿನ್ನ. 400 ಮೀಟರ್ ಫ್ರೀಸ್ಟೈಲ್ ಚಿನ್ನವೂ ಕಮಿಲ್ ಮ್ಯುಫಾ ಮೂಲಕ ಫ್ರಾನ್ಸಿಗೇ ವಾಪಸ್ ಬಂತು.

ಮನೋದು 2013ರಲ್ಲಿ ಪೂರ್ತಿ ನಿಲ್ಲಿಸಿದಳು. ಹನ್ನೊಂದು ವರ್ಷದ ಮೇಲೆ, ಪ್ಯಾರಿಸ್ ಒಲಿಂಪಿಕ್ಸಿಗಾಗಿ ಗ್ರೀಸಿನ ಒಲಿಂಪಿಯಾದಲ್ಲಿ ಜ್ಯೋತಿ ಹಚ್ಚಿದಾಗ, ಅದನ್ನು ಹಿಡಿದು ಓಡಲು ಫ್ರಾನ್ಸಿನವರು ಮೊದಲು ಕಳಿಸಿದ್ದು ಅವಳನ್ನೇ.